ಬಬಲ್‌ನಲ್ಲಿ, ಅಂದರೆ ಬಹುಮಾನಕ್ಕೆ ಇನ್ನೊಬ್ಬರು ಹೊರಬೀಳುವುದಷ್ಟೇ ಬಾಕಿ ಇರುವಾಗ, ಏಸ್-ಕ್ವೀನ್ ಬಂದರೆ ಏನು ಮಾಡಬೇಕು? ಪೋಕರ್ ಟೂರ್ನಮೆಂಟ್ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಕೋಚ್ ಮೇಡಂ ಗುಂಪಿನಲ್ಲಿದ್ದಾರೆ. ಆನ್‌ಲೈನ್ ಪೋಕರ್ ಟೂರ್ನಮೆಂಟ್ ಶುರು ಮಾಡುವುದು ಹೇಗೆ, ಆಟ ಸುಧಾರಿಸುವುದು ಹೇಗೆ, ಇಷ್ಟನ್ನೇ ಕೇಳಿ. ಫಾರ್ವರ್ಡ್ ಹಾಕಬೇಡಿ.

ಕೋಚ್: ಎಲ್ಲರಿಗೂ ನಮಸ್ಕಾರ. ದುಡ್ಡು ಕಟ್ಟಿ ಆಡಲು ನೀವಿರುವ ಕಡೆ ಕಾನೂನು ಬಿಡದಿದ್ದರೆ ಆಡಬೇಡಿ. ಕಲಿಯುವುದಕ್ಕೆ ಉಚಿತ ಚಿಪ್ಸ್‌ನ ಟೂರ್ನಮೆಂಟ್ ಸಾಕು. ಯಾವುದಾದರೂ ಹ್ಯಾಂಡ್ (ಒಂದು ಸಲ ಎಲೆ ಹಂಚಿ ಆಡಿದ ಆಟ) ಬಗ್ಗೆ ಕೇಳುವಾಗ ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಕಟ್ಟಲೇಬೇಕಾದ ಚಿಪ್ಸ್; ಚಿಕ್ಕದು ಸ್ಮಾಲ್ ಬ್ಲೈಂಡ್, ದೊಡ್ಡದು ಬಿಗ್ ಬ್ಲೈಂಡ್) ಎಷ್ಟು, ಯಾರ ಹತ್ತಿರ ಎಷ್ಟು ಚಿಪ್ಸ್, ಎಷ್ಟು ಜನ ಉಳಿದಿದ್ದಾರೆ, ಎಷ್ಟು ಜನಕ್ಕೆ ಬಹುಮಾನ, ಎಲ್ಲ ಬರೆಯಿರಿ. ಬರೀ ಎರಡು ಎಲೆ ಹೇಳಿದರೆ ನಾನು ಏನೂ ಹೇಳಲಾರೆ.

ಹೊಸಬ: ಮೇಡಂ, ನಿಯಮ ಎಲ್ಲ ಗೊತ್ತು. ಮೊದಲ ಟೂರ್ನಮೆಂಟ್ ಯಾವುದು ಆಡಲಿ? ಯಾವ ಎಲೆ ಬಂದರೆ ಆಡಬೇಕು?

ಕೋಚ್: ಒಂದೇ ಟೇಬಲ್‌ನ, ಒಂಬತ್ತು ಜನರ ಆಟದಿಂದ ಶುರು ಮಾಡಿ. ಬ್ಲೈಂಡ್ 10 ನಿಮಿಷಕ್ಕೋ 15 ನಿಮಿಷಕ್ಕೋ ಏರುವಂಥದ್ದು ಆರಿಸಿಕೊಳ್ಳಿ. ಟರ್ಬೋ (ಬ್ಲೈಂಡ್ ಬೇಗ ಬೇಗ ಏರುವ ಆಟ) ಬೇಡ. ಅದರಲ್ಲಿ ಯೋಚಿಸುವ ಮೊದಲೇ ಬ್ಲೈಂಡ್ ನಿಮ್ಮ ಸ್ಟ್ಯಾಕ್ (ನಿಮ್ಮ ಹತ್ತಿರ ಇರುವ ಚಿಪ್ಸ್) ತಿಂದಿರುತ್ತದೆ. ಶುರುವಿನ ಎರಡು ಎಲೆಗಳಲ್ಲಿ ಒಟ್ಟು 169 ಬಗೆ ಇವೆ. ಅದರಲ್ಲಿ ಬಹುಪಾಲು ಫೋಲ್ಡ್ ಮಾಡುವುದಕ್ಕೇ, ಅಂದರೆ ಆಡದೆ ಬಿಡುವುದಕ್ಕೇ, ಇರುವುದು. ಮೊದಲು ಮಾತಾಡುವ ಸೀಟಿನಲ್ಲಿದ್ದರೆ ಜೋಡಿಗಳು, ಏಸ್-ಕಿಂಗ್, ಏಸ್-ಕ್ವೀನ್, ಒಂದೇ ಚಿಹ್ನೆಯ (ಸೂಟ್) ಕಿಂಗ್-ಕ್ವೀನ್, ಇಷ್ಟಕ್ಕೆ ನಿಲ್ಲಿಸಿ. ಬಟನ್‌ನಲ್ಲಿದ್ದಾಗ (ಡೀಲರ್ ಸೀಟು) ಕೈ ಬಿಚ್ಚಿ ಆಡಬಹುದು. ಅಲ್ಲಿ ಉಳಿದವರು ಏನು ಮಾಡಿದರು ಅಂತ ನೋಡಿ ಆಮೇಲೆ ನೀವು ಮಾತಾಡುತ್ತೀರಿ. ಆಟ ಮುಗಿದ ಮೇಲೆ ಜಾಸ್ತಿ ಚಿಪ್ಸ್ ಕಳೆದ ಹ್ಯಾಂಡ್‌ಗಳನ್ನು ಹ್ಯಾಂಡ್ ಹಿಸ್ಟರಿಯಲ್ಲಿ (ಆಡಿದ ಹ್ಯಾಂಡ್‌ಗಳ ದಾಖಲೆ) ತೆರೆದು ಮತ್ತೆ ನೋಡಿ. ಗೆದ್ದ ಹ್ಯಾಂಡ್ ನೋಡಿ ಖುಷಿಪಡುವುದರಿಂದ ಆಟ ಸುಧಾರಿಸುವುದಿಲ್ಲ.

ಜೋಡಿ ಎಂಟು: ನನ್ನ ಹತ್ತಿರ 9 ಬಿಗ್ ಬ್ಲೈಂಡ್, ಅಂದರೆ ಬಿಗ್ ಬ್ಲೈಂಡ್‌ನ 9 ಪಟ್ಟು ಚಿಪ್ಸ್. ಎಂಟರ ಜೋಡಿ ಬಂತು. ನನಗಿಂತ ಮೊದಲು ಎಲ್ಲರೂ ಫೋಲ್ಡ್. ಸುಮ್ನೆ ಕಾಲ್ ಮಾಡಿ (ಬೇಕಾದಷ್ಟೇ ಚಿಪ್ಸ್ ಹಾಕಿ) ಫ್ಲಾಪ್ (ಟೇಬಲ್ ಮೇಲೆ ತೆರೆಯುವ ಮೊದಲ ಮೂರು ಎಲೆ) ನೋಡಲಾ?

ಕೋಚ್: ಬೇಡ, ಆಲ್-ಇನ್, ಅಂದರೆ ಇರುವ ಚಿಪ್ಸ್ ಎಲ್ಲ ಹಾಕಿ. 10 ಬಿಗ್ ಬ್ಲೈಂಡ್‌ಗಿಂತ ಕೆಳಗಿದ್ದು, ಯಾರೂ ಒಳಗೆ ಬಂದಿಲ್ಲ ಅಂದರೆ ಆಲ್-ಇನ್ ಅಥವಾ ಫೋಲ್ಡ್. ನಡುವೆ ಏನೂ ಇಟ್ಟುಕೊಳ್ಳಬೇಡಿ.

ನಿಧಾನಿ: ಆರರ ಜೋಡಿ, 8 ಬಿಗ್ ಬ್ಲೈಂಡ್, ಎಲ್ಲರೂ ಫೋಲ್ಡ್. ಏನು ಮಾಡಲಿ ಮೇಡಂ?

ಕೋಚ್: ಆಲ್-ಇನ್.

ತಾಳ್ಮೆ: ಮೇಡಂ, ಇದು ನಿದ್ದೆ ಕೆಡಿಸಿದೆ. ನಾಲ್ಕು ಜನ ಉಳಿದಿದ್ದೆವು, ಬಹುಮಾನ ಮೂವರಿಗೆ. ಬಹುಮಾನದ ಹಣದಲ್ಲಿ ಮೊದಲನೆಯವರಿಗೆ 50%, ಎರಡನೆಯವರಿಗೆ 30%, ಮೂರನೆಯವರಿಗೆ 20%. ಬ್ಲೈಂಡ್ 100-200. ಬ್ಲೈಂಡ್ ಕಟ್ಟುವ ಮೊದಲು ನನ್ನ ಹತ್ತಿರ 3000, ದೊಡ್ಡ ಸ್ಟ್ಯಾಕ್‌ನವನ ಹತ್ತಿರ 5000, ಉಳಿದ ಇಬ್ಬರಲ್ಲಿ ಒಬ್ಬನದು 1500, ಇನ್ನೊಬ್ಬನದು 500. ದೊಡ್ಡವನು ಸ್ಮಾಲ್ ಬ್ಲೈಂಡ್‌ನಿಂದ ಆಲ್-ಇನ್ ಹಾಕಿದ. ಬಿಗ್ ಬ್ಲೈಂಡ್‌ನಲ್ಲಿ ನನಗೆ ಸ್ಪೇಡ್‌ನ ಏಸ್-ಕ್ವೀನ್. ಕಾಲ್ ಮಾಡಿದೆ. ಅವನದು ಏಳರ ಜೋಡಿ, ನಾನು ಹೊರಗೆ. ಸ್ನೇಹಿತರೆಲ್ಲ ‘ಕಾಲ್ ಸರಿ, ಅದೃಷ್ಟ ಕೈಕೊಟ್ಟಿತು’ ಅಂತಾರೆ. ನಿಜಾನಾ?

ಕೋಚ್: ಅಲ್ಲ. ಫೋಲ್ಡ್ ಮಾಡಬೇಕಿತ್ತು. ಕೇಳಬೇಕಾದ ಪ್ರಶ್ನೆ ಅಂದರೆ ಇದು, ಹಾಗಾಗಿ ಪೂರ್ತಿ ಬರೆಯುತ್ತೇನೆ.

ಟೂರ್ನಮೆಂಟ್‌ನಲ್ಲಿ ಚಿಪ್ಸ್ ಬೇರೆ, ದುಡ್ಡು ಬೇರೆ. ಚಿಪ್ಸ್ ಎರಡು ಪಟ್ಟಾದರೆ ನಿಮ್ಮ ಪಾಲಿನ ಬಹುಮಾನ ಎರಡು ಪಟ್ಟಾಗುವುದಿಲ್ಲ. ಎಲ್ಲ ಚಿಪ್ಸ್ ಗೆದ್ದವನಿಗೂ ಸಿಗುವುದು 50% ಮಾತ್ರ ತಾನೇ? ಚಿಪ್ಸ್ ಲೆಕ್ಕದಿಂದ ಬಹುಮಾನದ ಪಾಲನ್ನು ಅಂದಾಜು ಮಾಡುವ ಮಾದರಿಗೆ ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಅನ್ನುತ್ತಾರೆ.

ನಿಮ್ಮ ಟೇಬಲ್‌ನ ಅಂಕಿಗಳನ್ನೇ ಹಾಕಿ ನೋಡಿದೆ. ಸದ್ಯಕ್ಕೆ ಬ್ಲೈಂಡ್ ಬಿಡೋಣ. 3000 ಇಟ್ಟುಕೊಂಡು ಕೂತರೆ ಒಟ್ಟು ಬಹುಮಾನದಲ್ಲಿ ನಿಮ್ಮ ಪಾಲು ಸುಮಾರು 31.3%. ಕಾಲ್ ಮಾಡಿ ಗೆದ್ದು 6000 ಆದರೆ 40.6%. ಸೋತರೆ ಸೊನ್ನೆ. ಅಂದರೆ ಇನ್ನೊಂದು 9.3 ಸಿಗಲಿ ಅಂತ 31.3 ಪಣಕ್ಕಿಟ್ಟಿದ್ದೀರಿ. ಈ ಕಾಲ್ ನಷ್ಟ ಮಾಡದಿರಬೇಕಾದರೆ 100ಕ್ಕೆ 77 ಸಲ ಗೆಲ್ಲಬೇಕು. ನೀವು ಕಟ್ಟಿದ್ದ ಬ್ಲೈಂಡ್ ಸೇರಿಸಿದರೆ 75 ಆಗುತ್ತದೆ, ಅಷ್ಟೇ.

ಈಗ ಎಲೆಗೆ ಬನ್ನಿ. ಎದುರಿನವನು ಎಲೆಯನ್ನೇ ನೋಡದೆ ಆಲ್-ಇನ್ ಹಾಕಿದ ಅಂತ ಇಟ್ಟುಕೊಂಡರೂ ಏಸ್-ಕ್ವೀನ್ ಗೆಲ್ಲುವುದು 65ರ ಆಸುಪಾಸು. ಏಸ್-ಕಿಂಗ್ ಬಂದಿದ್ದರೂ ಹೆಚ್ಚುಕಡಿಮೆ ಅಷ್ಟೇ. 75 ಎಲ್ಲಿ, 65 ಎಲ್ಲಿ! ಅವನ ಏಳರ ಜೋಡಿ ನಿಂತಿದ್ದಕ್ಕೂ ನಿಮ್ಮ ತಪ್ಪಿಗೂ ಸಂಬಂಧವಿಲ್ಲ. ನೀವು ಗೆದ್ದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಆ 500 ಇದ್ದವನನ್ನು ಮರೆತಿರಲ್ಲ, ನನಗೆ ಬೇಸರ ಅದು. ಅವನ ಹತ್ತಿರ ಎರಡೂವರೆ ಬಿಗ್ ಬ್ಲೈಂಡ್ ಇತ್ತು. ಒಂದೆರಡು ಸುತ್ತಿನಲ್ಲಿ ಅವನು ಆಲ್-ಇನ್ ಹಾಕಲೇಬೇಕು. ಅಲ್ಲಿವರೆಗೆ ನೀವು ಸುಮ್ನೆ ಕೂತಿದ್ದರೆ ಬಹುಮಾನ ನಿಮ್ಮ ಹತ್ತಿರಕ್ಕೇ ಬರುತ್ತಿತ್ತು. ಬಬಲ್‌ನಲ್ಲಿ ನಿಮ್ಮ ಎಲೆ ನೋಡುವ ಮೊದಲು ಚಿಕ್ಕ ಸ್ಟ್ಯಾಕ್‌ಗಳನ್ನು ನೋಡಿ.

ಬ್ಲೈಂಡ್ ಕಳ್ಳ: ಇದು ಹೆದರುಪುಕ್ಕಲರ ಆಟ. ಗೆಲ್ಲೋಕೆ ಆಡೋರು ಏಸ್-ಕ್ವೀನ್ ಬಿಡೋದಿಲ್ಲ.

ಲೆಕ್ಕದ ಮೇಷ್ಟ್ರು: ಸ್ವಾಮಿ, ಮೇಡಂ ಅಂಕಿ ಕೊಟ್ಟಿದ್ದಾರೆ. ನೀವೂ ಅಂಕಿ ಕೊಡಿ.

ಬ್ಲೈಂಡ್ ಕಳ್ಳ: ನಾನು ಬಬಲ್‌ನಲ್ಲಿ ಯಾವಾಗಲೂ ಜೋರಾಗಿಯೇ ಆಡೋದು. ಫೈನಲ್ ಟೇಬಲ್‌ಗೆ ಹೋಗಿದ್ದೂ ಹಾಗೇ. ನಿಮ್ಮ ಅಂಕಿ ಇಟ್ಕೊಂಡು ನೀವು ಎಲ್ಲಿಗೆ ಹೋಗಿದ್ದೀರಿ?

ಲೆಕ್ಕದ ಮೇಷ್ಟ್ರು: ಒಂದು ಸಲ ಗೆದ್ದಿದ್ದನ್ನೇ ಪುರಾವೆ ಅಂತ ಹೇಳುವವರ ಜೊತೆ ವಾದ ಮಾಡಿ ಪ್ರಯೋಜನವಿಲ್ಲ.

ಕೋಚ್: ಇಬ್ಬರೂ ನಿಲ್ಲಿಸಿ. ಜೋರಾಗಿ ಆಡುವುದು ಸರಿ, ಆದರೆ ಆಲ್-ಇನ್ ಹಾಕುವಾಗ. ನೀವು ಹಾಕಿದರೆ ಎದುರಿನವನು ಹೆದರಿ ಬಿಡಬಹುದು, ಎಲೆ ತೋರಿಸದೆಯೇ ಬ್ಲೈಂಡ್ ನಿಮ್ಮದು. ಕಾಲ್ ಮಾಡಿದರೆ ಯಾರೂ ಬಿಡುವುದಿಲ್ಲ, ಎಲೆಯಲ್ಲೇ ಗೆಲ್ಲಬೇಕು. ಅದಕ್ಕೇ ಒಂದೇ ಏಸ್-ಕ್ವೀನ್ ಆಲ್-ಇನ್ ಹಾಕಲು ಚೆನ್ನಾಗಿರುತ್ತದೆ, ಅದೇ ಟೇಬಲ್‌ನಲ್ಲಿ ಕಾಲ್ ಮಾಡಲು ಆಗುವುದಿಲ್ಲ. ಇಲ್ಲಿ ಜೋರಾಗಿ ಆಡಿದವನು ಆ 5000ದವನು, ತಾಳ್ಮೆಯವರಲ್ಲ.

ಜೋಡಿ ಎಂಟು: ಬೌಂಟಿ ಟೂರ್ನಮೆಂಟ್‌ನಲ್ಲಿ (ಯಾರನ್ನಾದರೂ ಹೊರಹಾಕಿದರೆ ಬಹುಮಾನ ಸಿಗುವ ಆಟ) ಎದುರಿನವನ ತಲೆಯ ಮೇಲಿನ ಬಹುಮಾನವನ್ನು ಲೆಕ್ಕಕ್ಕೆ ತಗೊಳ್ಳೋದು ಹೇಗೆ?

ಅರೆಬರೆ: ಬಿಗ್ ಬ್ಲೈಂಡ್‌ನಲ್ಲಿ ಕೆಟ್ಟ ಎಲೆ ಇದ್ದರೂ ಕಾಲ್ ಮಾಡಿ ಅಂತಾರಲ್ಲ, ಯಾಕೆ?

ಕೋಚ್: ಬೆಲೆ ಕಡಿಮೆ ಅಂತ. ಬಟನ್‌ನವನು 2 ಬಿಗ್ ಬ್ಲೈಂಡ್‌ಗೆ ರೈಸ್ ಮಾಡಿದ (ಪಣ ಏರಿಸಿದ), ಸ್ಮಾಲ್ ಬ್ಲೈಂಡ್ ಫೋಲ್ಡ್. ಪಾಟ್‌ನಲ್ಲಿ (ನಡುವೆ ಸೇರಿದ ಪಣ) 3.5 ಇದೆ, ನೀವು ಹಾಕಬೇಕಾದ್ದು ಇನ್ನು 1. ಒಟ್ಟು 4.5ರಲ್ಲಿ 1, ಅಂದರೆ 22% ಗೆದ್ದರೆ ಸಾಕು. ಆದರೆ ಫ್ಲಾಪ್ ಆದ ಮೇಲೆ ನೀವು ಮೊದಲು ಮಾತಾಡಬೇಕು. ಅದಕ್ಕೇ ತೀರಾ ಕಸವಾದರೆ ಬಿಡಿ.

ಶುಭದಿನ: ಫಾರ್ವರ್ಡ್ ಆಗಿ ಬಂದಿದ್ದು: ‘ಎದುರಾಳಿಯ ಎಲೆ ತೋರಿಸುವ ಹೊಸ ಆಪ್. ಇನ್‌ಸ್ಟಾಲ್ ಮಾಡಿ, ಪೋಕರ್ ಖಾತೆಯ ಪಾಸ್‌ವರ್ಡ್ ಹಾಕಿ, ಖಚಿತ ಗೆಲುವು.’ ಉಪಯೋಗ ಆಗಬಹುದು ಅಂತ ಹಾಕಿದೆ.

ಕೋಚ್: ಯಾರೂ ಮುಟ್ಟಬೇಡಿ. ಎದುರಿನವರ ಎಲೆ ನಿಮ್ಮ ಫೋನಿಗೆ ಬರುವುದೇ ಇಲ್ಲ, ಅದು ಸರ್ವರ್‌ನಲ್ಲಿರುತ್ತದೆ. ಬಾರದ ಎಲೆಯನ್ನು ಆಪ್ ಹೇಗೆ ತೋರಿಸುತ್ತದೆ? ಅದು ತೆಗೆದುಕೊಳ್ಳುವುದು ನಿಮ್ಮ ಪಾಸ್‌ವರ್ಡ್. ಈಗಾಗಲೇ ಹಾಕಿದವರಿದ್ದರೆ ಆಪ್ ತೆಗೆದು, ಬೇರೆ ಫೋನ್‌ನಿಂದ ಪಾಸ್‌ವರ್ಡ್ ಬದಲಾಯಿಸಿ. ಅಡ್ಮಿನ್, ಆ ಮೆಸೇಜ್ ಅಳಿಸಿ.

ಶುಭದಿನ: ಒಳ್ಳೇದಕ್ಕೆ ಹಾಕಿದ್ದು ಮೇಡಂ. ಇನ್ನೊಂದು ಬಂದಿದೆ: ‘ಹಣ ಹಿಂದಕ್ಕೆ ತೆಗೆದ ಮೇಲೆ ಸೈಟ್ ಕೆಟ್ಟ ಎಲೆ ಕೊಡುತ್ತದೆ, ಅದಕ್ಕೆ ಏಳು ದಿನ ಆಡಬೇಡಿ.’

ಕೋಚ್: ಇದೂ ಸುಳ್ಳು. ಫಾರ್ವರ್ಡ್ ನಿಲ್ಲಿಸಿ ಅಂತ ಮೊದಲೇ ಹೇಳಿದ್ದು.

ಬ್ಲೈಂಡ್ ಕಳ್ಳ: ಸುಳ್ಳು ಅಂತ ಹೇಗೆ ಹೇಳ್ತೀರಿ? ಸೈಟ್‌ಗಳಲ್ಲಿ ಮೋಸ ಆಗೇ ಇಲ್ವಾ?

ಲೆಕ್ಕದ ಮೇಷ್ಟ್ರು: ಸೋತಾಗೆಲ್ಲ ಸೈಟ್ ಮೋಸ, ಗೆದ್ದಾಗ ನಿಮ್ಮ ಚಾಕಚಕ್ಯತೆ, ಅಲ್ವಾ?

ಬ್ಲೈಂಡ್ ಕಳ್ಳ: ನಾನು ಮೇಡಂ ಅವರನ್ನು ಕೇಳಿದ್ದು. ನಿಮ್ಮನ್ನಲ್ಲ.

ಕೋಚ್: ಆಗಿದೆ. 2007ರಲ್ಲಿ ಆಬ್ಸಲ್ಯೂಟ್ ಪೋಕರ್‌ನಲ್ಲಿ, 2008ರಲ್ಲಿ ಅಲ್ಟಿಮೇಟ್‌ಬೆಟ್‌ನಲ್ಲಿ ಎಲ್ಲರ ಎಲೆ ಕಾಣುವ ಖಾತೆಗಳು ಇದ್ದದ್ದು ಬಯಲಾಯಿತು. ಸೈಟ್‌ನ ಒಳಗಿನವರೇ ಮಾಡಿದ ಮೋಸ ಅದು. ಹೊರಗಿನ ಆಪ್‌ನಿಂದ ಆದದ್ದಲ್ಲ. ಹಿಡಿದವರು ಯಾರು ಗೊತ್ತಾ? ಆಟಗಾರರೇ. ಹ್ಯಾಂಡ್ ಹಿಸ್ಟರಿ ಕೂಡಿಸಿ ನೋಡಿದಾಗ ಯಾವ ಮನುಷ್ಯನಿಗೂ ಸಾಧ್ಯವಿಲ್ಲದಷ್ಟು ಗೆಲುವು ಕಂಡಿತು. ಅನುಮಾನ ಇದ್ದರೆ ನೀವೂ ಹಿಸ್ಟರಿ ತೆಗೆದುಕೊಂಡು ಕೂಡಿಸಿ. ಏಸ್ ಜೋಡಿ ಬರುವುದು ಸರಾಸರಿ 221 ಹ್ಯಾಂಡ್‌ಗೆ ಒಂದು ಸಲ. ಒಂದು ಸಂಜೆಯ ಆಟ ನೋಡಿ ‘ನನಗೆ ಎಲೆ ಬರ್ತಿಲ್ಲ’ ಅಂದರೆ ಅದು ಲೆಕ್ಕ ಅಲ್ಲ.

ರಾತ್ರಿ ಗೂಬೆ: ಮೇಡಂ, ಕೆಲವು ತಿಂಗಳಿಂದ ದಿನಾ ರಾತ್ರಿ ಆಡ್ತಿದ್ದೀನಿ. ಹೊರಬಿದ್ದ ಕೂಡಲೇ ರೀ-ಎಂಟ್ರಿ ಹಾಕ್ತೀನಿ, ಮತ್ತೆ ದುಡ್ಡು ಕಟ್ಟಿ ಸೇರ್ತೀನಿ. ಒಂದೇ ಒಂದು ದೊಡ್ಡ ಬಹುಮಾನ ಬಂದಿತ್ತು, ಅದೂ ಹೋಯ್ತು. ಈಗ ಆಡ್ತಿರೋದು ಸಾಲದ ದುಡ್ಡು. ಹೆಂಡತಿಗೆ ಗೊತ್ತಿಲ್ಲ. ಹತ್ತು ಪಟ್ಟು ದೊಡ್ಡ ಬೈ-ಇನ್‌ನ (ಸೇರೋಕೆ ಕಟ್ಟೋ ದುಡ್ಡು) ಟೂರ್ನಮೆಂಟ್ ಒಂದಿದೆ. ಅದರಲ್ಲಿ ಒಂದು ಸಲ ಬಂದರೆ ಎಲ್ಲ ತೀರುತ್ತೆ. ಯಾವ ರೀತಿ ಆಡಿದರೆ ಚಾನ್ಸ್ ಜಾಸ್ತಿ?

ಬ್ಲೈಂಡ್ ಕಳ್ಳ: ಧೈರ್ಯ ಬಿಡಬೇಡಿ ಅಣ್ಣ. 2003ರಲ್ಲಿ ಕ್ರಿಸ್ ಮನಿಮೇಕರ್ ಆನ್‌ಲೈನ್ ಸ್ಯಾಟಲೈಟ್ (ದೊಡ್ಡ ಟೂರ್ನಮೆಂಟ್‌ಗೆ ಪ್ರವೇಶ ಕೊಡೋ ಚಿಕ್ಕ ಟೂರ್ನಮೆಂಟ್) ಗೆದ್ದು ವರ್ಲ್ಡ್ ಸೀರೀಸ್ ಆಫ್ ಪೋಕರ್ ಮೇನ್ ಇವೆಂಟ್‌ಗೆ ಹೋಗಿ 25 ಲಕ್ಷ ಡಾಲರ್ ತಂದ.

ಕೋಚ್: ಸಾಲದಲ್ಲಿರುವವರಿಗೆ ಆ ಕಥೆ ಹೇಳಬೇಡಿ. ಆ ವರ್ಷ ಅಲ್ಲಿ ಆಡಿದವರು 839 ಜನ, ಗೆದ್ದವನು ಒಬ್ಬ. 2006ಕ್ಕೆ ಅದೇ ಇವೆಂಟ್‌ನಲ್ಲಿ 8,773 ಜನ ಇದ್ದರು. ಉಳಿದವರ ಕಥೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ರಾತ್ರಿ ಗೂಬೆಯವರೇ, ಆ ಟೂರ್ನಮೆಂಟ್‌ಗೆ ಸೇರಬೇಡಿ. ಇವತ್ತು ರಾತ್ರಿ ಯಾವುದಕ್ಕೂ ಸೇರಬೇಡಿ. ಹೇಗೆ ಆಡಬೇಕು ಅಂತ ನಾನು ಹೇಳುವುದಿಲ್ಲ, ಯಾಕೆ ಅಂತ ಕೇಳಿ.

ದೊಡ್ಡ ಟೂರ್ನಮೆಂಟ್‌ಗಳಲ್ಲಿ ಸಾಮಾನ್ಯವಾಗಿ 100ರಲ್ಲಿ 10ರಿಂದ 15 ಜನಕ್ಕೆ ಮಾತ್ರ ಬಹುಮಾನ. ಅದರಲ್ಲೂ ಕೆಳಗಿನವರಿಗೆ ಬರುವುದು ಕಟ್ಟಿದ್ದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ದೊಡ್ಡ ಹಣವೆಲ್ಲ ಮೇಲಿನ ನಾಲ್ಕಾರು ಜನರದು. ನಿಮಗೆ ಪ್ರತಿ ಸಲ ಬಹುಮಾನ ಸಿಗುವ ಸಾಧ್ಯತೆ 15% ಇದೆ ಅಂತಲೇ ಇಟ್ಟುಕೊಳ್ಳಿ. ಆಗಲೂ ಸತತ ಹತ್ತು ಟೂರ್ನಮೆಂಟ್‌ನಲ್ಲಿ ಬರಿಗೈಯಾಗುವ ಸಾಧ್ಯತೆ ಸುಮಾರು 20%. ಚೆನ್ನಾಗಿ ಆಡುವವರೂ ನೂರಾರು ಟೂರ್ನಮೆಂಟ್ ಕಾಲ ನಷ್ಟದಲ್ಲಿರುತ್ತಾರೆ. ಅದಕ್ಕೇ ಹೋದರೂ ಮನೆಗೆ ತೊಂದರೆಯಾಗದ ದುಡ್ಡಿನಲ್ಲಿ ಕನಿಷ್ಠ 100 ಬೈ-ಇನ್ ಬೇರೆ ಇಟ್ಟುಕೊಳ್ಳಿ ಅಂತ ಹೇಳುವುದು. ಸಾಲದ ದುಡ್ಡಲ್ಲಿ ಆಡುವವರ ಹತ್ತಿರ ಒಂದು ಬೈ-ಇನ್ ಕೂಡ ಇಲ್ಲ. ಹತ್ತು ಪಟ್ಟು ದೊಡ್ಡದಕ್ಕೆ ಹೋದರೆ ಎದುರಾಳಿಗಳು ಗಟ್ಟಿ, ಸಾಲ ಹತ್ತು ಪಟ್ಟು ಬೇಗ ಬೆಳೆಯುತ್ತದೆ.

ಕಳೆದದ್ದನ್ನು ವಾಪಸ್ ತರಬೇಕು ಅಂತ ಆಡುವುದು, ಮನೆಯವರಿಂದ ಮುಚ್ಚಿಡುವುದು, ಹೊರಬಿದ್ದ ಕೂಡಲೇ ರೀ-ಎಂಟ್ರಿ. ಈ ಮೂರೂ ಸೇರಿದರೆ ಅದು ಆಟದ ಸಮಸ್ಯೆ ಅಲ್ಲ, ಚಟ. ಖಾತೆಯ ಸೆಟ್ಟಿಂಗ್‌ನಲ್ಲಿ ‘ಸೆಲ್ಫ್ ಎಕ್ಸ್‌ಕ್ಲೂಷನ್’ (ನೀವೇ ನಿಮ್ಮ ಖಾತೆಗೆ ಹಾಕಿಕೊಳ್ಳುವ ಲಾಕ್) ಅಂತ ಇದ್ದರೆ ಈಗಲೇ ಸಿಗುವಷ್ಟು ದೀರ್ಘ ಅವಧಿಗೆ ಹಾಕಿ. ಇಲ್ಲದಿದ್ದರೆ ಖಾತೆ ಮುಚ್ಚಲು ಬರೆಯಿರಿ. ಫೋನಿನಿಂದ ಆಪ್ ತೆಗೆಯಿರಿ. ಹೆಂಡತಿಗೆ ಪೂರ್ತಿ ಮೊತ್ತ ಹೇಳಿ, ಅರ್ಧ ಹೇಳಬೇಡಿ. ಆಮೇಲೆ ಚಟ ಬಿಡಿಸುವ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ನೋಡಿ. ನನಗೆ ಬೇರೆಯಾಗಿ ಮೆಸೇಜ್ ಮಾಡಿ, ಇಲ್ಲಿ ವಿವರ ಬರೆಯಬೇಡಿ.

ಬ್ಲೈಂಡ್ ಕಳ್ಳ: ಆಟ ಅಂದ್ಮೇಲೆ ಸೋಲು ಗೆಲುವು ಇದ್ದದ್ದೇ. ಎಲ್ಲದಕ್ಕೂ ಡಾಕ್ಟರ್ ಅಂದರೆ ಹೇಗೆ?

ತಾಳ್ಮೆ: ಅವರ ಮನೆ ಪರಿಸ್ಥಿತಿ ಓದಿದ ಮೇಲೂ ಹೀಗೆ ಬರೆಯೋಕೆ ಮನಸ್ಸು ಹೇಗೆ ಬರುತ್ತೆ ನಿಮಗೆ?

ಬ್ಲೈಂಡ್ ಕಳ್ಳ: ನೀವು ಏಸ್-ಕ್ವೀನ್ ಸರಿಯಾಗಿ ಆಡೋದು ಕಲೀರಿ ಮೊದಲು.

ಅಡ್ಮಿನ್: ಬ್ಲೈಂಡ್ ಕಳ್ಳ ಇವತ್ತು ಇನ್ನು ಬರೆಯುವಂತಿಲ್ಲ.

ಹೊಸಬ: ಮೇಡಂ, ನಾನು ಕಂಪ್ಯೂಟರ್ ಸಾಲ್ವರ್ (ಹೇಗೆ ಆಡಬೇಕು ಅಂತ ಲೆಕ್ಕ ಹಾಕಿ ಹೇಳುವ ಸಾಫ್ಟ್‌ವೇರ್) ತೆರೆದಿಟ್ಟುಕೊಂಡು ಆಡಬಹುದಾ?

ಕೋಚ್: ಆಡುವಾಗ ಬೇಡ. ಅದು ಮೋಸ, ಖಾತೆ ಹೋಗುತ್ತದೆ. ಆಟ ಮುಗಿದ ಮೇಲೆ ಅಭ್ಯಾಸಕ್ಕೆ ಬಳಸಿ.

ನಿಧಾನಿ: ಐದರ ಜೋಡಿ, 7 ಬಿಗ್ ಬ್ಲೈಂಡ್...

ಕೋಚ್: ಮೇಲೆ ಓದಿ.

ಜೋಡಿ ಎಂಟು: ಬೌಂಟಿ ಪ್ರಶ್ನೆ ಹಾಗೇ ಉಳಿದಿದೆ ಮೇಡಂ.

ರಾತ್ರಿ ಗೂಬೆ: ಆರು ತಿಂಗಳಿಗೆ ಲಾಕ್ ಹಾಕಿದೆ ಮೇಡಂ. ಸಂಜೆ ಅವಳ ಹತ್ತಿರ ಮಾತಾಡ್ತೀನಿ. ಅಲ್ಲಿವರೆಗೆ ಹಳೇ ಹ್ಯಾಂಡ್ ನೋಡ್ತಾ ಕಲಿತಿರಲಾ?

ಕೋಚ್: ಬೇಡ. ಈಗ ಪೋಕರ್ ನೋಡುವುದೂ ಬೇಡ. ಸಾಲ ಯಾರ ಯಾರ ಹತ್ತಿರ ಎಷ್ಟಿದೆ ಅಂತ ಕಾಗದದಲ್ಲಿ ಬರೆದುಕೊಂಡು ಮಾತಿಗೆ ಕೂತುಕೊಳ್ಳಿ. ಮಾತಾಡಿದ ಮೇಲೆ ನನಗೆ ಮೆಸೇಜ್ ಹಾಕಿ, ಎಷ್ಟು ಹೊತ್ತಾದರೂ ಪರವಾಗಿಲ್ಲ.

ತಾಳ್ಮೆ: ಕೊನೆಯದಾಗಿ ಒಂದು ಮೇಡಂ. ಅದೇ ಟೇಬಲ್‌ನಲ್ಲಿ ನನಗೆ ಕ್ವೀನ್ ಜೋಡಿ ಬಂದಿದ್ದರೆ?

ಕೋಚ್: ಅವನು ಯಾವ ಎಲೆಗಾದರೂ ಆಲ್-ಇನ್ ಹಾಕುವವನಾದರೆ ಕ್ವೀನ್ ಜೋಡಿ 80ರ ಹತ್ತಿರ ಗೆಲ್ಲುತ್ತದೆ, ಕಾಲ್. ಒಳ್ಳೆಯ ಎಲೆಗೆ ಮಾತ್ರ ಹಾಕುವವನಾದರೆ 75 ಮುಟ್ಟುವುದಿಲ್ಲ, ಫೋಲ್ಡ್. ಅವನು ಹಿಂದಿನ ಸುತ್ತುಗಳಲ್ಲಿ ಎಷ್ಟು ಸಲ ಹಾಕಿದ ಅಂತ ಬರೆದಿಟ್ಟುಕೊಂಡಿದ್ದೀರಾ?