ಅಪ್‌ಗ್ರೇಡ್ ಆದ ಮ್ಯಾಲ ಎಡಿಟಿಂಗ್ ನಿಂತು ನಿಂತು ನಡೀಲಿಕತ್ತದ, ಬಲ್ಲವರು ಹೇಳ್ರಿ

ಕೇಳಿದವರು, ಕಲಬುರಗಿ:
ಲಗ್ನದ ಸೀಜನ್ ಬಾಗಲಿಗಿ ಬಂದದ. ಕ್ಯಾಮೆರಾದ ರಾ (ಸಂಸ್ಕರಿಸದ ಮೂಲ) ಫೈಲಿಗಿ ಲೈಟ್‌ರೂಮ್ ಕ್ಲಾಸಿಕ್, ಆಲ್ಬಮ್ ಶೀಟಿಗಿ ಫೋಟೋಶಾಪ್, ಎರಡೂ ಹೊಸ ವರ್ಷನ್ ಆಗ್ಯಾವ. ಆವಾಗಿನಿಂದ ಎಕ್ಸ್‌ಪೋಜರ್ ಸ್ಲೈಡರ್ ಎಳೆದ್ರ ಫೋಟೋ ಬದಲಾಗ್ಲಿಕ್ಕ 3–4 ಸೆಕೆಂಡ್ ಬೇಕು. 12×36 ಶೀಟ್‌ನಾಗ ನಾಕೈದು ಫೋಟೋ ಇಟ್ರ ‘ಸ್ಕ್ರಾಚ್ ಡಿಸ್ಕ್ ಫುಲ್’ (ಫೋಟೋಶಾಪ್ ತಾತ್ಕಾಲಿಕ ಬಳಸೋ ಡಿಸ್ಕಿನ ಜಾಗ ತುಂಬ್ಯಾದ) ಅಂತದ. ಡೆಸ್ಕ್‌ಟಾಪ್ ಮಷಿನ್, ಐ5 ಆರು ಕೋರ್, 16 ಜಿಬಿ ರ್‍ಯಾಮ್, 4 ಜಿಬಿ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್, 256 ಜಿಬಿ ಎಸ್‌ಎಸ್‌ಡಿ. ಸಿ ಡ್ರೈವ್‌ನಾಗ 14 ಜಿಬಿ ಖಾಲಿ ಉಳಿದದ. ಫೋಟೋ, ಲೈಟ್‌ರೂಮಿನ ಕ್ಯಾಟಲಾಗ್ ಎರಡೂ 2 ಟಿಬಿ ಹಾರ್ಡ್‌ಡಿಸ್ಕ್‌ನಾಗ ಅವ. ಹಳೇ ವರ್ಷನ್‌ಗಿ ಹೊಳ್ಳಿ ಹೋಗ್ಬೇಕೋ, ರ್‍ಯಾಮ್ ಹಾಕಿಸ್ಬೇಕೋ, ಹೊಸ ಕಾರ್ಡ್ ತರಬೇಕೋ, ತಿಳಿವಲ್ದು.

ಬೀದರಿನ ಸ್ಟುಡಿಯೋದವರು:
ಮೂರರಾಗ ಯಾವುದೂ ಈಗೇ ಮಾಡಬ್ಯಾಡ್ರಿ. ಮೊದಲ ಮಷಿನ್ ಎಲ್ಲಿ ಉಸಿರುಗಟ್ಟತದ ಅಂತ ನೋಡ್ರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೂಡೇ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೀರಿ, ಪರ್ಫಾರ್ಮೆನ್ಸ್ ಟ್ಯಾಬಿಗಿ ಹೋಗ್ರಿ, ಒಂದು ಕೈಲೆ ಸ್ಲೈಡರ್ ಎಳೀತಾ ಇನ್ನೊಂದು ಕಣ್ಣು ಅಲ್ಲಿಡ್ರಿ. ಡಿಸ್ಕ್ 100ಕ್ಕ ಹತ್ತಿ ಸಿಪಿಯು 20ರಾಗೇ ಕುಂತಿದ್ರ ಹಾರ್ಡ್‌ಡಿಸ್ಕ್ ತಡೀಲಿಕತ್ತದ. ಮೆಮೊರಿ 95 ದಾಟಿದ್ರ ರ್‍ಯಾಮ್ ಸಾಲವಲ್ದು. ಎಲ್ಲಾ ಕಡಿಮಿ ಇದ್ದೂ ನಿಧಾನ ಇದ್ರ ಗ್ರಾಫಿಕ್ಸ್ ಡ್ರೈವರ್ (ಕಾರ್ಡ್ ನಡೆಸೋ ಸಾಫ್ಟ್‌ವೇರ್) ಮ್ಯಾಲ ಅನುಮಾನ ಪಡ್ರಿ.

ನೀವು ಬರೆದದ್ದು ನೋಡಿದ್ರ ನನ್ನ ಅನುಮಾನ ಡಿಸ್ಕಿನ ಮ್ಯಾಲೇ ಅದ. ಕ್ಯಾಟಲಾಗ್ ಅಂದ್ರ ಫೋಟೋಗಳ ಪಟ್ಟಿ, ನೀವು ಮಾಡಿದ ತಿದ್ದುಪಡಿ ಎಲ್ಲಾ ಇಡೋ ಒಂದು ಡೇಟಾಬೇಸ್. ಸ್ಲೈಡರ್ ಬಿಟ್ಟಾಗೆಲ್ಲ ಅದರಾಗ ಬರೆಯೋದು, ಓದೋದು ನಡದೇ ಇರ್ತದ. ಸಣ್ಣ ಸಣ್ಣ ತುಣುಕು ಹಾರ್ಡ್‌ಡಿಸ್ಕಿನ ಮೂಲಿ ಮೂಲಿಯಿಂದ ಹುಡುಕಿ ತರಬೇಕಾದ್ರ ಅದರ ಮುಳ್ಳಿಗಿ ಭಾಳ ಹೊತ್ತು ಹಿಡೀತದ. ಫೋಟೋ ಹಾರ್ಡ್‌ಡಿಸ್ಕ್‌ನಾಗ ಇರ್ಲಿ, ನಡೀತದ. ಕ್ಯಾಟಲಾಗ್, ಪ್ರಿವ್ಯೂ (ಲಗೂನ ತೋರಸ್ಲಿಕ್ಕ ಮಾಡಿಟ್ಟ ಫೋಟೋ ನಕಲು), ಕ್ಯಾಶ್ (ಮತ್ತ ಮತ್ತ ಬೇಕಾಗೂದು ಕೂಡಿಡೋ ಜಾಗ) ಈ ಮೂರು ಮಾತ್ರ ಎಸ್‌ಎಸ್‌ಡಿಯೊಳಗೇ ಇರಬೇಕು.

ಕಲಬುರಗಿಯ ಇನ್ನೊಬ್ಬರು:
ಡ್ರೈವರ್ ಪರೀಕ್ಷೆ ಎರಡು ನಿಮಿಷದ ಕೆಲಸ. ಲೈಟ್‌ರೂಮಿನ ಪ್ರಿಫರೆನ್ಸಸ್‌ನಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ ‘ಯೂಸ್ ಗ್ರಾಫಿಕ್ಸ್ ಪ್ರೊಸೆಸರ್’ ಆಫ್ ಮಾಡಿ, ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ. ಆಫ್ ಆದಾಗಲೇ ಚುರುಕಾದರೆ ಡ್ರೈವರ್ ತಕರಾರು. ಎನ್‌ವಿಡಿಯಾದಲ್ಲಿ ಗೇಮ್ ರೆಡಿ, ಸ್ಟುಡಿಯೋ ಎಂದು ಎರಡು ಬಗೆಯ ಡ್ರೈವರ್ ಸಿಗುತ್ತವೆ. ಸ್ಟುಡಿಯೋ ತೆಗೆದುಕೊಳ್ಳಿ. ಹಾಕುವಾಗ ಕಸ್ಟಮ್ ಆರಿಸಿ ‘ಕ್ಲೀನ್ ಇನ್‌ಸ್ಟಲೇಷನ್’ಗೆ ಟಿಕ್ ಕೊಡಿ, ಹಳೆಯದರ ಸೆಟ್ಟಿಂಗ್ ಉಳಿದು ಹೊಸದಕ್ಕೆ ಅಡ್ಡ ಬರುವುದು ತಪ್ಪುತ್ತದೆ. ಆಮೇಲೆ ಜಿಪಿಯು (ಅದೇ ಗ್ರಾಫಿಕ್ಸ್ ಪ್ರೊಸೆಸರ್) ಮತ್ತೆ ಆನ್ ಮಾಡಿ ‘ಕಸ್ಟಮ್’ಗೆ ಇಡಿ. ಡಿಸ್ಪ್ಲೇ, ಇಮೇಜ್ ಪ್ರೊಸೆಸಿಂಗ್, ಎಕ್ಸ್‌ಪೋರ್ಟ್ ಎಂದು ಬೇರೆ ಬೇರೆ ಟಿಕ್ ಇರುತ್ತವೆ. 4 ಜಿಬಿ ಕಾರ್ಡಿಗೆ ಎಲ್ಲವನ್ನೂ ಒಟ್ಟಿಗೆ ಹೇರದೆ ಒಂದೊಂದೇ ಹಾಕಿ ನೋಡಿ.

ಲ್ಯಾಪ್‌ಟಾಪ್ ಇರುವವರಿಗೆ ಇನ್ನೊಂದು ಮಾತು. ಅದರಲ್ಲಿ ಎರಡು ಗ್ರಾಫಿಕ್ಸ್ ಇದ್ದು, ಹೊಸ ವರ್ಷನ್ ಚಿಕ್ಕದರ ಮೇಲೆ ಓಡುತ್ತಿರಬಹುದು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್ಪ್ಲೇ, ಗ್ರಾಫಿಕ್ಸ್ ಎಂದು ಹೋಗಿ ಈ ಸಾಫ್ಟ್‌ವೇರನ್ನು ‘ಹೈ ಪರ್ಫಾರ್ಮೆನ್ಸ್’ಗೆ ಹಚ್ಚಬೇಕು.

ಯಾದಗಿರಿಯ ಆಲ್ಬಮ್ ಡಿಸೈನರ್:
ಫೋಟೋಶಾಪ್ ಕಡೆಯ ಲೆಕ್ಕ ನಾನು ಹೇಳುತ್ತೇನೆ. 12×36 ಇಂಚಿನ ಶೀಟ್ 300 ಡಿಪಿಐನಲ್ಲಿ 3600×10800 ಪಿಕ್ಸೆಲ್. 8 ಬಿಟ್ ಆರ್‌ಜಿಬಿಯಲ್ಲಿ ಶೀಟ್ ತುಂಬುವ ಒಂದು ಲೇಯರ್‌ಗೇ ಸುಮಾರು 111 ಎಂಬಿ ಆಯಿತು. 16 ಬಿಟ್ ಇಟ್ಟರೆ ಅದರ ಇಮ್ಮಡಿ. ಇಂಥ ಹತ್ತು ಲೇಯರ್, ಸ್ಮಾರ್ಟ್ ಆಬ್ಜೆಕ್ಟ್ ಒಳಗಿನ ಮೂಲ ಫೋಟೋಗಳು, ಇವುಗಳ ಮೇಲೆ ಹಿಂದಕ್ಕೆ ಮರಳಲು ನೆನಪಿಡುವ ಹಿಸ್ಟರಿಯ 50 ಹೆಜ್ಜೆ. ರ್‍ಯಾಮ್ ತುಂಬಿದ ಮೇಲೆ ಉಳಿದದ್ದೆಲ್ಲ ಸ್ಕ್ರಾಚ್ ಡಿಸ್ಕಿಗೆ ಸುರಿಯುತ್ತದೆ. ಅದು ಇರುವ ಸಿ ಡ್ರೈವ್‌ನಲ್ಲಿ ಖಾಲಿ ಇರುವುದು 14 ಜಿಬಿ, ಅದರಲ್ಲೇ ವಿಂಡೋಸಿನ ಪೇಜ್ ಫೈಲೂ (ರ್‍ಯಾಮ್ ಸಾಲದಾದಾಗ ವಿಂಡೋಸ್ ಬಳಸುವ ಫೈಲ್) ಪಾಲು ಕೇಳುತ್ತದೆ. ಫುಲ್ ಆಗದೆ ಇನ್ನೇನಾದೀತು?

ಕೆಳಗಿನ ಸ್ಟೇಟಸ್ ಬಾರ್‌ನ ಬಾಣ ಒತ್ತಿ ‘ಎಫಿಷಿಯೆನ್ಸಿ’ ಆರಿಸಿಡಿ. 100 ಇರುವತನಕ ಕೆಲಸ ರ್‍ಯಾಮ್‌ನಲ್ಲೇ ನಡೆದಿದೆ. ಅದು ಇಳಿದರೆ ಡಿಸ್ಕಿಗೆ ಹೋಗಿದೆ. ರ್‍ಯಾಮ್ ಕೊಳ್ಳಬೇಕೋ ಬೇಡವೋ ಎನ್ನುವುದನ್ನು ಈ ಅಂಕಿ ಹೇಳಲಿ, ಅಂಗಡಿಯವರಲ್ಲ. ಪ್ರಿಂಟಿಗೆ ಹೋಗುವ ಶೀಟಿಗೆ 8 ಬಿಟ್ ಸಾಕು, ಟೋನ್ ತಿದ್ದುವುದೆಲ್ಲ ರಾ ಹಂತದಲ್ಲೇ ಮುಗಿದಿರಬೇಕು. ಹಿಸ್ಟರಿ ಸ್ಟೇಟ್ಸ್ 20ಕ್ಕೆ ಇಳಿಸಿ. ಲೈಟ್‌ರೂಮ್ ಜೊತೆಯಲ್ಲೇ ತೆರೆದಿಡುವವರಾದರೆ ಮೆಮೊರಿ ಯೂಸೇಜ್ 70ರಿಂದ 60ಕ್ಕೆ ತನ್ನಿ. ಒಂದು ಶೀಟ್ ಮುಗಿದಾಗ ಎಡಿಟ್ ಮೆನುವಿನ ಪರ್ಜ್, ಆಲ್ ಒತ್ತಿ ಮೆಮೊರಿ ಖಾಲಿ ಮಾಡಿ. ಇದರಿಂದ ಅಂಡೂ ಹೋಗುತ್ತದೆ, ಸೇವ್ ಮಾಡಿಯೇ ಒತ್ತಿ.

ಕಲಬುರಗಿಯ ಸಿಸ್ಟಮ್ ರಿಪೇರಿಯವರು:
ಎಲ್ಲರೂ ಒಳಗಿನ ಸೆಟ್ಟಿಂಗ್ ಹೇಳ್ಯಾರ, ಬಿಸಿಲು ಯಾರೂ ಹೇಳಿಲ್ಲ. ನಮ್ಮ ಕಡಿ ಏಪ್ರಿಲ್, ಮೇದಾಗ ಹೊರಗ 40 ಡಿಗ್ರಿ ದಾಟತದ. ಹೊಸ ವರ್ಷನ್‌ನಾಗಿನ ಎಐ ಮಾಸ್ಕ್ (ಫೋಟೋದಾಗಿನ ಭಾಗ ತಾನೇ ಗುರುತಿಸೋದು), ಡಿನಾಯ್ಸ್ (ಕಾಳು ಕಾಳು ಕಾಣೋದು ತೆಗೆಯೋದು) ಎಲ್ಲಾ ಮಷಿನ್‌ಗಿ, ಅದರಾಗೂ ಕಾರ್ಡಿಗಿ, ಭಾಳ ದುಡಸ್ತಾವ, ಅಂದ್ರ ಕಾವೂ ಹೆಚ್ಚು. ಚಿಪ್ ಮಿತಿ ಮೀರಿ ಕಾದ್ರ ತನ್ನನ್ನು ಉಳಿಸ್ಕೊಳ್ಳಾಕ ತಾನೇ ವೇಗ ಇಳಿಸ್ತದ. ಮುಂಜಾನಿ ಚಂದ ನಡದು ಮಧ್ಯಾಹ್ನ ತೆವಳ್ತದ ಅಂದ್ರ ಇದೇ ಕಾರಣ ಇರಬಹುದು. ಎಚ್‌ಡಬ್ಲ್ಯೂಇನ್ಫೋ ಅನ್ನೋ ಕಾವು ತೋರಿಸೋ ಸಾಫ್ಟ್‌ವೇರ್ ಹಾಕಿ ಎಕ್ಸ್‌ಪೋರ್ಟ್ ನಡೆದಾಗ ಸಿಪಿಯು ಡಿಗ್ರಿ, ಕ್ಲಾಕ್ (ಅದರ ವೇಗ) ಎರಡೂ ನೋಡ್ರಿ. 95ರ ಹತ್ರ ಹೋಗಿ ಕ್ಲಾಕ್ ಬಿದ್ರ ಮೊದಲ ಧೂಳು ತೆಗೀರಿ. ಬ್ಲೋವರ್ ಹೊಡೀವಾಗ ಫ್ಯಾನಿನ ರೆಕ್ಕಿ ಬೆರಳಿಲೆ ಹಿಡೀರಿ, ಗಾಳಿಗಿ ಗರಗರ ತಿರುಗಿದ್ರ ಬೇರಿಂಗ್ ಕೆಡ್ತದ. ಸಿಪಿಯು ಮ್ಯಾಲಿನ ಕಾವು ಸಾಗಿಸೋ ಪೇಸ್ಟ್ ಹಾಕಿ ವರ್ಷಗಟ್ಟಲೆ ಆಗಿದ್ರ ಒಣಗಿರ್ತದ, ಬದಲಾಯಿಸ್ರಿ. ಶಹಾಬಾದ ಕಲ್ಲಿನ ಪಾಲಿಶ್ ನಡೆಯೋ ಕಡಿ ಸ್ಟುಡಿಯೋ ಇದ್ದವರು ಸೀಜನ್ ಮುಂಚೆ ಒಮ್ಮೆ, ನಡುವ ಒಮ್ಮೆ ತೆಗೀಲೇಬೇಕು.

ಕರೆಂಟ್ ಹೋಗಿ ಬಂದು ಮಾಡೋ ಊರಾಗ ಹಾರ್ಡ್‌ಡಿಸ್ಕೂ ತಪಾಸಣಿ ಮಾಡ್ರಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಡಿಸ್ಕ್ ತಪಾಸಣಿ ಸಾಫ್ಟ್‌ವೇರ್‌ನಾಗ ‘ಕಾಷನ್’ ಅಂತ ಹಳದಿ ತೋರಿಸಿದ್ರ ಸೆಟ್ಟಿಂಗ್ ಗೊಡವಿ ಬಿಟ್ಟು ಮೊದಲ ಫೋಟೋ ಕಾಪಿ ಮಾಡ್ಕೊಳ್ರಿ.

ಬೀದರಿನ ಮತ್ತೊಬ್ಬರು:
ಎಐ ಮಾಸ್ಕ್ ಮಾತು ಬಂತಲ್ಲ, ಅಲ್ಲೇ ಬಹಳ ಜನ ಸಿಕ್ಕಿಬೀಳುವುದು. ಒಂದು ಫೋಟೋಕ್ಕೆ ‘ಸೆಲೆಕ್ಟ್ ಸಬ್ಜೆಕ್ಟ್’ ಹಾಕಿ ಅದನ್ನೇ 600ಕ್ಕೆ ಸಿಂಕ್ ಕೊಟ್ಟರೆ (ಒಮ್ಮೆಗೇ ಹಚ್ಚಿದರೆ), ಪ್ರತಿ ಫೋಟೋದಲ್ಲೂ ವಧು ಎಲ್ಲಿ, ವರ ಎಲ್ಲಿ ಎಂದು ಅದು ಹೊಸದಾಗಿ ಹುಡುಕಬೇಕು. ಮಂಟಪದ ಬೆಳಕು ಒಂದೇ ಇದ್ದಲ್ಲಿ ಸಾದಾ ಸ್ಲೈಡರ್ ಸಿಂಕ್ ಮಾಡಿ, ಮಾಸ್ಕನ್ನು ಆಲ್ಬಮ್ಮಿಗೆ ಆರಿಸಿದ ಫೋಟೋಗಳಿಗಷ್ಟೇ ಇಟ್ಟುಕೊಳ್ಳಿ. ಲೆನ್ಸ್ ಕರೆಕ್ಷನ್, ಕಲೆ ತೆಗೆಯುವುದು ಮೊದಲು, ಸ್ಲೈಡರಿನಿಂದ ನಾಯ್ಸ್ ತಗ್ಗಿಸುವುದು ಮತ್ತು ಶಾರ್ಪನಿಂಗ್ ಕೊನೆಗೆ.

ಕ್ಯಾಟಲಾಗ್ ಸೆಟ್ಟಿಂಗ್ಸ್‌ನ ಮೆಟಾಡೇಟಾ ಟ್ಯಾಬ್‌ನಲ್ಲಿ ಎಕ್ಸ್‌ಎಂಪಿಗೆ (ತಿದ್ದುಪಡಿ ಬರೆದಿಡುವ, ಫೋಟೋ ಪಕ್ಕದ ಸಣ್ಣ ಫೈಲಿಗೆ) ತಾನಾಗಿಯೇ ಬರೆಯುವ ಟಿಕ್ ತೆಗೆಯಿರಿ, ಮುಖ ಗುರುತಿಸುವುದನ್ನು ನಿಲ್ಲಿಸಿ. ಕ್ಯಾಮೆರಾ ರಾ ಕ್ಯಾಶ್ ಸಾಮಾನ್ಯವಾಗಿ 5 ಜಿಬಿ ಇರುತ್ತದೆ, ಎಸ್‌ಎಸ್‌ಡಿಯಲ್ಲಿ ಜಾಗ ಆದ ಮೇಲೆ 20 ಮಾಡಿ. ಇಂಪೋರ್ಟ್ ಮಾಡುವಾಗಲೇ ಸ್ಮಾರ್ಟ್ ಪ್ರಿವ್ಯೂ (ಮೂಲ ಫೋಟೋದ ಚಿಕ್ಕ ನಕಲು) ಕಟ್ಟಿಸಿ, ಪರ್ಫಾರ್ಮೆನ್ಸ್‌ನಲ್ಲಿ ‘ಮೂಲದ ಬದಲು ಸ್ಮಾರ್ಟ್ ಪ್ರಿವ್ಯೂ ಬಳಸು’ ಎನ್ನುವ ಅರ್ಥದ ಟಿಕ್ ಹಾಕಿದರೆ ನಿಮ್ಮಂಥ ಮಷಿನ್ ಮೇಲೆ ಸ್ಲೈಡರ್ ಎಷ್ಟೋ ಹಗುರಾಗುತ್ತದೆ. ಎಕ್ಸ್‌ಪೋರ್ಟ್ ಮಾತ್ರ ಮೂಲ ಫೈಲಿನಿಂದಲೇ ಆಗುತ್ತದೆ, ಗುಣಮಟ್ಟದ ಭಯ ಬೇಡ.

ಹಳೆಯ ವರ್ಷನ್‌ಗೆ ಮರಳುವುದು ಕೊನೆಯ ದಾರಿ. ಮೇಲ್ದರ್ಜೆಗೆ ಏರಿದ ಕ್ಯಾಟಲಾಗ್ ಹಳೆಯದರಲ್ಲಿ ತೆರೆಯುವುದಿಲ್ಲ. ಹಳೆಯ ಕ್ಯಾಟಲಾಗ್ ಪಕ್ಕದಲ್ಲೇ ಉಳಿದಿರುತ್ತದೆ, ಆದರೆ ಆಮೇಲೆ ಮಾಡಿದ ಕೆಲಸ ಅದರಲ್ಲಿ ಇರುವುದಿಲ್ಲ. ಹೋಗಲೇಬೇಕೆಂದರೆ ಎಲ್ಲ ಫೋಟೋ ಆರಿಸಿ ಕಂಟ್ರೋಲ್ ಎಸ್ ಒತ್ತಿ ಎಕ್ಸ್‌ಎಂಪಿ ಬರೆಸಿಕೊಂಡು ಹೋಗಿ.

ಯಾದಗಿರಿಯ ಡಿಸೈನರ್, ಮತ್ತೆ:
ವಿಂಡೋಸ್ ಡಿಫೆಂಡರ್‌ನ ವೈರಸ್ ತಪಾಸಣೆಯಿಂದ ಕ್ಯಾಟಲಾಗ್ ಮತ್ತು ಕ್ಯಾಶ್ ಫೋಲ್ಡರ್ ಹೊರಗಿಟ್ಟರೂ ಚೂರು ವೇಗ ಸಿಗುತ್ತದೆ.

ರಿಪೇರಿಯವರು:
ಅವೆರಡು ಫೋಲ್ಡರ್ ಅಷ್ಟೇ ಇಡ್ರಿ. ಗಿರಾಕಿಗಳ ಪೆನ್‌ಡ್ರೈವ್ ಬಂದು ಬೀಳೋ ಫೋಲ್ಡರ್, ಪೂರಾ ಡಿ ಡ್ರೈವ್ ಹೊರಗಿಡಬ್ಯಾಡ್ರಿ. ಸ್ಟುಡಿಯೋಕ್ಕ ವೈರಸ್ ಬರೋ ದಾರಿ ಅದೇ ಅದ.

ಕೇಳಿದವರು:
ನೋಡಿದೆರಿ. ಸ್ಲೈಡರ್ ಎಳೆದಾಗ ಡಿಸ್ಕ್ 100, ಸಿಪಿಯು 25. ಜಿಪಿಯು ಆಫ್ ಮಾಡಿದ್ರೂ ಫರಕ್ ಇಲ್ಲ. ಡಿಗ್ರಿ 70ರ ಆಸುಪಾಸು. 500 ಜಿಬಿ ಎಸ್‌ಎಸ್‌ಡಿ ಒಂದು ಹಾಕಸ್ತೀನಿ. ಕ್ಯಾಟಲಾಗ್ ಅದಕ್ಕ ಹ್ಯಾಂಗ ಒಯ್ಯಬೇಕು?

ಬೀದರಿನ ಸ್ಟುಡಿಯೋದವರು:
ಬೋರ್ಡಿನ ಮ್ಯಾಲ ಎನ್‌ವಿಎಂಇ (ಬೋರ್ಡಿಗೇ ಕೂಡಿಸೋ ವೇಗದ ಎಸ್‌ಎಸ್‌ಡಿ) ಸ್ಲಾಟ್ ಇದ್ರ ಅದು, ಇಲ್ಲಂದ್ರ ಕೇಬಲ್‌ಲೆ ಹಚ್ಚೋ ಸಾಟಾನೇ ಸಾಕು. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗಿ 500 ಎಂಬಿ ಮ್ಯಾಲ ಓದ್ತದ, ಹುಡುಕೋ ಹೊತ್ತಂತೂ ಹಾರ್ಡ್‌ಡಿಸ್ಕಿಗಿ ಹೋಲ್ಸೂದೇ ಬ್ಯಾಡ.

ಒಯ್ಯೋ ಮುಂಚೆ ಲೈಟ್‌ರೂಮ್ ಮುಚ್ಚೋವಾಗ ಬ್ಯಾಕಪ್ ತಗೊಳ್ರಿ, ‘ಆಪ್ಟಿಮೈಜ್’ ಟಿಕ್ ಹಾಕೇ. ಆಮ್ಯಾಲ ಕ್ಯಾಟಲಾಗ್ ಫೋಲ್ಡರ್ ಪೂರಾ ಕಾಪಿ ಮಾಡ್ರಿ, ಎಲ್‌ಆರ್‌ಕ್ಯಾಟ್ (ಕ್ಯಾಟಲಾಗಿನ ಮುಖ್ಯ ಫೈಲ್) ಒಂದೇ ಒಯ್ದು ಕೂಡಬ್ಯಾಡ್ರಿ. ಪ್ರಿವ್ಯೂಸ್, ಸ್ಮಾರ್ಟ್ ಪ್ರಿವ್ಯೂಸ್ ಫೋಲ್ಡರ್ ಬಿಟ್ರ ಮತ್ತ ಕಟ್ಟಿಸ್ಬಹುದು, ಎಲ್‌ಆರ್‌ಕ್ಯಾಟ್-ಡೇಟಾ ಅನ್ನೋದು ಬಿಟ್ರ ಮಾಸ್ಕ್ ಹೋಗ್ತಾವ. ಒಳಗಿನ ಬ್ಯಾಕಪ್ಸ್ ಫೋಲ್ಡರ್ ನೋಡ್ರಿ, ಹಳೇವು ತಾವಾಗೇ ಅಳಿಯಂಗಿಲ್ಲ. ಕಡೀ ಮೂರು ಇಟ್ಟು ಉಳಿದದ್ದು ಹಾರ್ಡ್‌ಡಿಸ್ಕಿಗಿ ಸರಿಸ್ರಿ. ಹೊಸ ಜಾಗದಾಗಿನ ಎಲ್‌ಆರ್‌ಕ್ಯಾಟ್ ಮ್ಯಾಲ ಡಬಲ್ ಕ್ಲಿಕ್ ಮಾಡಿ ತೆರೆದು, ಫೋಟೋ, ಕಲೆಕ್ಷನ್, ಮಾಸ್ಕ್ ಎಲ್ಲಾ ಬಂದಾವಂತ ಖಾತ್ರಿ ಮಾಡ್ಕೊಂಡು, ಹಳೇ ಫೋಲ್ಡರ್‌ಗಿ ‘ಹಳೇದು’ ಅಂತ ಹೆಸರು ಬದಲಿಸಿಡ್ರಿ. ಇಲ್ಲಂದ್ರ ಒಂದಿನ ಗೊತ್ತಿಲ್ಲದೇ ಅದನ್ನೇ ತೆರೆದು ಒಂದು ಪೂರಾ ಲಗ್ನ ಅಲ್ಲೇ ಎಡಿಟ್ ಆಗಿರ್ತದ. ಫೋಟೋಶಾಪಿನ ಸ್ಕ್ರಾಚ್ ಡಿಸ್ಕೂ ಹೊಸ ಎಸ್‌ಎಸ್‌ಡಿಗೇ ಕೊಡ್ರಿ, ಸಿ ಡ್ರೈವ್ ಟಿಕ್ ತೆಗೀರಿ. 100 ಜಿಬಿ ಯಾವಾಗಲೂ ಖಾಲಿ ಇರ್ಲಿ.