ಇಸವಿ ಇಲ್ಲದ ಆಟದ ಕರಪತ್ರ: ಕಾಲ ತಿಳಿಯುವುದು ಹೇಗೆ?

ಪ್ರಶ್ನೆ: ಆರಿಕ್ಕಾಡಿ ಕೋಟೆಯ ಕಡೆಗೆ ಸಂಜೆ ನಡೆದು ಹೋಗುವಾಗ, ಕೆಡವುತ್ತಿದ್ದ ಹಳೆಯ ಮನೆಯೊಂದರ ಮುಂದೆ ಎಸೆದಿದ್ದ ಪೆಟ್ಟಿಗೆಯ ತಳದಲ್ಲಿ ಯಕ್ಷಗಾನದ ಗುಲಾಬಿ ಬಣ್ಣದ ಕರಪತ್ರವೊಂದು ಕಂಡಿತು, ಮನೆಯವರನ್ನು ಕೇಳಿ ತಂದಿದ್ದೇನೆ. ‘ಕಾಸರಗೋಡು, ದ. ಕ.’ ಎಂಬ ವಿಳಾಸ, ‘ತಾ. 23-2 ಶನಿವಾರ ರಾತ್ರಿ’, ‘ಕುರ್ಚಿ 1-0-0, ನೆಲ 0-4-0’ ಎಂದೆಲ್ಲ ಇದೆ, ಇಸವಿ ಮಾತ್ರ ಇಲ್ಲ. ಕಾಗದ ತುಸು ಒದ್ದೆಯಾಗಿದೆ. ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಬದಿಯಡ್ಕದಿಂದ: ಮೊದಲು ದರವನ್ನು ಓದಿ. ಆ ಮೂರು ಅಂಕೆಗಳು ರೂಪಾಯಿ, ಆಣೆ, ಪೈಗಳವು. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು, ಆದ್ದರಿಂದ ಕರಪತ್ರ ಅದಕ್ಕಿಂತ ಹಿಂದಿನದಿರಬೇಕು. 1930ರಿಂದ ಆ ತನಕ ಫೆಬ್ರವರಿ 23 ಶನಿವಾರವಾಗಿದ್ದ ವರ್ಷಗಳೆಂದರೆ 1935, 1946, 1952 ಮತ್ತು 1957. ಹರಕೆಯ ಬಯಲಾಟಕ್ಕೆ ಟಿಕೇಟು ಇಲ್ಲದಿರುವುದರಿಂದ ಇದು ಡೇರೆ ಹಾಕಿ ಟಿಕೇಟಿಟ್ಟು ಆಡುವ ಡೇರೆ ಮೇಳದ ಆಟ, ಅಂಥ ಮೇಳಗಳು ಬಲಗೊಂಡದ್ದು 1950ರ ದಶಕದಲ್ಲಿ. ಕಾಸರಗೋಡು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದಾದ ಕಾರಣ ನನ್ನ ಮತ 1952ಕ್ಕೆ.

ಮಂಜೇಶ್ವರದಿಂದ: ಲೆಕ್ಕ ಸರಿಯಾಗಿದೆ, ಆದರೆ 1957ನ್ನು ಅಷ್ಟು ಬೇಗ ಕೈಬಿಡಬಾರದು. ನಮ್ಮ ತಂದೆಯವರು ಅಚ್ಚುಕೂಟದಲ್ಲಿ ಮೊಳೆ (ಅಕ್ಷರದ ಅಚ್ಚು) ಜೋಡಿಸುತ್ತಿದ್ದರು. ಮತ್ತೆ ಮತ್ತೆ ಬೇಕಾಗುವ ವಿಳಾಸದ ಸಾಲುಗಳನ್ನು ಬಿಚ್ಚದೆ, ದಾರ ಸುತ್ತಿ ಎತ್ತಿಡುತ್ತಿದ್ದರು. ಜಿಲ್ಲೆ ಬದಲಾಗಿ ನಾಲ್ಕು ತಿಂಗಳೂ ತುಂಬದಿದ್ದಾಗ ಹಳೆಯ ಸಾಲೇ ಅಚ್ಚಾಗಿದ್ದರೆ ಆಶ್ಚರ್ಯವಿಲ್ಲ. (ಆಮೇಲೂ ನಮ್ಮವರು ‘ದ. ಕ.’ ಬರೆಯುವುದನ್ನು ಬಿಟ್ಟರೇ?) ಕರಪತ್ರದ ತೀರಾ ಕೆಳಗಿನ ಸಣ್ಣ ಸಾಲನ್ನು ನೋಡಿ: ಆಗ ಜಾರಿಯಲ್ಲಿದ್ದ 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯ ಪ್ರಕಾರ ಮುದ್ರಕರ ಹೆಸರು ಮತ್ತು ಊರು ಅಲ್ಲಿ ಇರಬೇಕು. ಅದೇ ಅಚ್ಚುಕೂಟದ, ಇಸವಿಯಿರುವ ಮದುವೆಯ ಕಾಗದವೋ ಜಾತ್ರೆಯ ಆಮಂತ್ರಣವೋ ದೊರೆತರೆ ಎರಡನ್ನೂ ಭೂತಗನ್ನಡಿಯಲ್ಲಿ ಹೋಲಿಸಿ. ತಲೆಕಟ್ಟು ಮುರಿದ ಮೊಳೆಯೊಂದು ಎರಡರಲ್ಲೂ ಅದೇ ರೀತಿ ಮೂಡಿದ್ದರೆ, ಅದು ವಿಳಾಸಕ್ಕಿಂತ ಗಟ್ಟಿಯಾದ ಸಾಕ್ಷಿ.

ನೀರ್ಚಾಲಿನಿಂದ: ಅದಕ್ಕೂ ಮೊದಲು ಕಾಗದ ಉಳಿಯಬೇಕಲ್ಲ. ಬಿಸಿಲಿಗೆ ಹಿಡಿಯಬೇಡಿ, ಇಸ್ತ್ರಿ ಹಾಕಬೇಡಿ. ಎರಡು ಒತ್ತುಕಾಗದಗಳ (ಬ್ಲಾಟಿಂಗ್ ಪೇಪರ್) ನಡುವೆ ಹಗುರವಾದ ಭಾರವಿಟ್ಟು, ಒತ್ತುಕಾಗದವನ್ನು ಆಗಾಗ ಬದಲಿಸುತ್ತ ನೆರಳಲ್ಲೇ ಆರಿಸಿ. ಗುಲಾಬಿ ಬಣ್ಣ ನೀರಿಗೆ ಬಿಡುವ ಸಾಧ್ಯತೆಯಿರುವುದರಿಂದ ಒರೆಸುವುದೂ ಬೇಡ. ಮಡಿಕೆ ಹರಿದಿದ್ದರೂ ಸೆಲೋಟೇಪು ಅಂಟಿಸಬೇಡಿ, ಅದರ ಅಂಟು ಕಂದು ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಮಾಡಿಸಿದರಂತೂ ಮತ್ತೆ ಬಿಡಿಸಲಾಗದು. ಆರಿದ ಮೇಲೆ ಎರಡೂ ಬದಿಯ ಫೋಟೋ ತೆಗೆದು, ಸಿಕ್ಕಿದ ಜಾಗ ಮತ್ತು ದಿನವನ್ನು ಬೇರೆ ಚೀಟಿಯಲ್ಲಿ ಬರೆದಿಡಿ.