ಆನೆ ಕಂಡಿಯ ಕ್ಯಾಮೆರಾ: ಬುದ್ಧಿ ಪೆಟ್ಟಿಗೆಯಲ್ಲಿರಬೇಕೋ, ಟವರಿನಲ್ಲೋ?

ಪ್ರಶ್ನೆ – ಬೆಳೆಗಾರ, ಸಕಲೇಶಪುರ

ಕಾಡಾನೆಗಳು ತೋಟಕ್ಕೆ ಇಳಿಯುವ ಕಂಡಿಯಲ್ಲಿ ನಾಲ್ಕು ಕ್ಯಾಮೆರಾ ಹಾಕಿಸಿದ್ದೇನೆ. ವಿಡಿಯೊ ಮೊಬೈಲ್ ಸಿಮ್ ಮೂಲಕ ಬೆಂಗಳೂರಿನ ಸರ್ವರಿಗೆ ಹೋಗಿ, ಅಲ್ಲಿನ ತಂತ್ರಾಂಶ ಆನೆಯೆಂದು ಗುರುತಿಸಿದ ಮೇಲೆ ನನ್ನ ಫೋನಿಗೆ ಸಂದೇಶ ಬರುವ ವ್ಯವಸ್ಥೆ ಅದು. ಕಳೆದ ಮಳೆಗಾಲದಲ್ಲಿ ಸಂದೇಶ ಬರುವಷ್ಟರಲ್ಲಿ ಹಿಂಡು ರೊಬಸ್ಟಾ ಗಿಡಗಳನ್ನು ಮುರಿದು ಹಳ್ಳ ದಾಟಿ ಹೋಗಿತ್ತು. 6ಜಿ ಬಂದಾಗ ಟವರಿನ ಬುಡದಲ್ಲೇ ಕೃತಕ ಬುದ್ಧಿಮತ್ತೆ ಇರುತ್ತದೆ, ದೂರದ ಸರ್ವರಿನ ವಿಳಂಬ ತಪ್ಪುತ್ತದೆ ಎಂದು ಓದಿದೆ. ಅದಕ್ಕಾಗಿ ಕಾಯಬಹುದೇ?

ಉತ್ತರ – ದೂರಸಂಪರ್ಕ ಎಂಜಿನಿಯರ್, ಹಾಸನ

ಸರ್, ತಮ್ಮ ತೊಂದರೆಗೆ ಬೆಂಗಳೂರಿನ ದೂರ ಕಾರಣವಲ್ಲ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಸಾಗುವುದರಿಂದ, ಕೇಬಲ್ ಸುತ್ತುಬಳಸಿ ಹೋದರೂ ಅಲ್ಲಿಗೆ ಹೋಗಿಬರಲು ಕೆಲವೇ ಮಿಲಿಸೆಕೆಂಡು ಸಾಕು. ತಡವಾಗುವುದು ಕ್ಯಾಮೆರಾದಿಂದ ಟವರಿಗೆ ಏರುವ ದಾರಿಯಲ್ಲಿ. ಟವರು ಹತ್ತಾರು ವಾಟ್ ಶಕ್ತಿಯಲ್ಲಿ ಪ್ರಸಾರ ಮಾಡಿದರೆ, ಸಿಮ್ ಹಾಕಿದ ಸಾಧನಕ್ಕೆ ಸಾಮಾನ್ಯವಾಗಿ ಇರುವ ಮಿತಿ 200 ಮಿಲಿವಾಟ್. ನಡುವೆ ಗುಡ್ಡ, ಸಿಲ್ವರ್ ಓಕ್, ಮಳೆಯಲ್ಲಿ ನೆನೆದ ಎಲೆಗಳು ಬೇರೆ. ಕ್ಯಾಮೆರಾವೊಂದಕ್ಕೆ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಎಂದಿಟ್ಟುಕೊಂಡರೂ ನಾಲ್ಕಕ್ಕೆ 8 ಬೇಕು. ಅಷ್ಟು ಸಿಗದಿದ್ದರೆ ವಿಡಿಯೊ ಸರದಿಯಲ್ಲಿ ನಿಲ್ಲುತ್ತದೆ, ಆ ಸರದಿ ನಿಮಿಷಗಟ್ಟಲೆ ಬೆಳೆಯುತ್ತದೆ. ಬುದ್ಧಿಯನ್ನು ಟವರಿಗೆ ತಂದರೂ ವಿಡಿಯೊ ಏರಬೇಕಾದದ್ದು ಇದೇ ದಾರಿಯಲ್ಲಿ ತಾನೇ? ಆದ್ದರಿಂದ ಗುರುತಿಸುವ ಕೆಲಸ ಕ್ಯಾಮೆರಾದ ಪೆಟ್ಟಿಗೆಯಲ್ಲೇ ನಡೆಯಲಿ. ಹೊರಗೆ ಹೋಗಬೇಕಾದದ್ದು "ಆನೆ, ಮೂರನೇ ಕ್ಯಾಮೆರಾ, 2:14" ಎಂಬ ಕೆಲವು ಬೈಟುಗಳು ಮಾತ್ರ. ಅದಕ್ಕೆ 6ಜಿ ಬೇಕಿಲ್ಲ.

ಉತ್ತರ – ಉಪನ್ಯಾಸಕಿ, ಚಿಕ್ಕಮಗಳೂರು

ಇದನ್ನು ಒಪ್ಪುತ್ತೇನೆ, ಆದರೆ ಟವರಿಗೆ ಕೆಲಸವೇ ಇಲ್ಲವೆಂದು ಭಾವಿಸಬೇಕಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2023ರ ನವೆಂಬರಿನಲ್ಲಿ ಅಂಗೀಕರಿಸಿದ 6ಜಿ ಚೌಕಟ್ಟಿನ ಆರು ಬಳಕೆಗಳಲ್ಲಿ, ಸಂವಹನದೊಡನೆ ಬೆಸೆದ ಕೃತಕ ಬುದ್ಧಿಮತ್ತೆಯೂ ಒಂದು. ಮಂಜಿನಲ್ಲಿ ಕಾಣುತ್ತಿರುವುದು ಆನೆಯೋ ಬಂಡೆಯೋ ಎಂದು ಪೆಟ್ಟಿಗೆಯ ಪುಟ್ಟ ಮಾದರಿಗೆ (ಚಿತ್ರ ಗುರುತಿಸಲು ಕಲಿತ ತಂತ್ರಾಂಶಕ್ಕೆ) ಅನುಮಾನ ಬಂದಾಗ, ಒಂದೇ ಒಂದು ಸ್ಥಿರಚಿತ್ರವನ್ನು ಟವರಿಗೆ ಕಳಿಸಿ ಅಲ್ಲಿನ ದೊಡ್ಡ ಮಾದರಿಯಿಂದ ತೀರ್ಮಾನ ಪಡೆಯಬಹುದು. ಹಲವು ತೋಟಗಳ ಪೆಟ್ಟಿಗೆಗಳು ಚಿತ್ರಗಳನ್ನು ಹೊರಗೆ ಬಿಡದೆ, ತಾವು ಕಲಿತ ಮಾದರಿಯ ಅಂಕಿಗಳನ್ನಷ್ಟೇ ಹಂಚಿಕೊಂಡು ಒಟ್ಟಾಗಿ ಕಲಿಯುವ ಫೆಡರೇಟೆಡ್ ಲರ್ನಿಂಗ್ ವಿಧಾನವೂ ಇದೆ. ಅವೂ ಕೆಲವು ಎಂಬಿಗಳಷ್ಟಾಗುವುದರಿಂದ ಬಿಡುವಿನ ಹೊತ್ತಿನಲ್ಲಿ ಕಳಿಸಬೇಕಷ್ಟೆ. (ತೋಟದ ಕೆಲಸಗಾರರ ಮುಖಗಳು ಯಾರದೋ ಸರ್ವರಿನಲ್ಲಿ ಉಳಿಯದಿರುವುದು ನನ್ನ ಮಟ್ಟಿಗೆ ವೇಗಕ್ಕಿಂತ ದೊಡ್ಡ ಲಾಭ.)

ಮರುಪ್ರಶ್ನೆ – ಬೆಳೆಗಾರ, ಸಕಲೇಶಪುರ

ಪೆಟ್ಟಿಗೆಗೆ ಕರೆಂಟು ಎಲ್ಲಿಂದ ತರುವುದು, ಮೇಡಂ? ಜುಲೈಯಲ್ಲಿ ಇಲ್ಲಿ ಸೋಲಾರ್ ನೆಚ್ಚಿಕೊಳ್ಳುವಂತಿಲ್ಲ. ಕಂಡಿಯಲ್ಲಿ ಕೆಲವೊಮ್ಮೆ ಸಿಗ್ನಲ್ಲೇ ಇರುವುದಿಲ್ಲ.

ಉತ್ತರ – ದೂರಸಂಪರ್ಕ ಎಂಜಿನಿಯರ್, ಹಾಸನ

ಮೈಶಾಖವುಳ್ಳ ಪ್ರಾಣಿ ಹತ್ತಿರ ಚಲಿಸಿದಾಗ ಮಾತ್ರ ಕ್ಯಾಮೆರಾವನ್ನು ಎಬ್ಬಿಸುವ ಪಿಐಆರ್ ಸಂವೇದಕ ಹಾಕಿಸಿದರೆ ಪೆಟ್ಟಿಗೆ ಉಳಿದ ಹೊತ್ತು ನಿದ್ರಿಸುತ್ತದೆ, ಬ್ಯಾಟರಿ ಬಹಳ ದಿನ ಬಾಳುತ್ತದೆ. ಸಿಗ್ನಲ್ ಇಲ್ಲದ ಕಡೆ, ಕಡಿಮೆ ಶಕ್ತಿಯಲ್ಲಿ ಪುಟ್ಟ ಸಂದೇಶಗಳನ್ನು ದೂರಕ್ಕೆ ಕಳಿಸುವ ಲೋರಾ ರೇಡಿಯೊ ಬಳಸಬಹುದು. ನಮ್ಮಲ್ಲಿ ಅದಕ್ಕೆ 865ರಿಂದ 868 ಮೆಗಾಹರ್ಟ್ಸ್ ತರಂಗಾಂತರ ಪರವಾನಗಿಯಿಲ್ಲದೆ ಸಿಗುತ್ತದೆ. ವಿಡಿಯೊ ಒಯ್ಯುವ ಶಕ್ತಿ ಅದಕ್ಕಿಲ್ಲ, ಆದರೆ ಆ ಕೆಲವು ಬೈಟುಗಳನ್ನು ತೋಟದ ಮನೆಯ ಮಾಡಿನ ಮೇಲಿನ ಆಂಟೆನಾಕ್ಕೆ ಮುಟ್ಟಿಸುತ್ತದೆ. ನಾಲ್ಕೂ ಕ್ಯಾಮೆರಾ ಬದಲಿಸುವ ಮುನ್ನ, ಒಂದನ್ನು ಮಾತ್ರ ಈ ಮಳೆಗಾಲ ಪೂರ್ತಿ ಇಟ್ಟು ನೋಡಿ.